ಇಲಿಯಲ್ಲಿ ಗೆದ್ದ ಜೋಡಿ ಔಷಧ ನಮ್ಮ ಅಣ್ಣನಿಗೆ ಏಕೆ ಸಿಗುತ್ತಿಲ್ಲ?

ಪ್ರಶ್ನೆ: ನಾನು ದಾವಣಗೆರೆ ಜಿಲ್ಲೆಯವನು. ನಮ್ಮ ಅಣ್ಣನಿಗೆ 51 ವರ್ಷ. ಬಹಳ ಕಾಲ ಗುಟ್ಕಾ ಹಾಕುತ್ತಿದ್ದರು. ಕಳೆದ ವರ್ಷ ಕೆನ್ನೆಯ ಒಳಭಾಗದಲ್ಲಿ ಕ್ಯಾನ್ಸರ್ ಇರುವುದು ಗೊತ್ತಾಗಿ ಆಪರೇಷನ್, ರೇಡಿಯೇಷನ್ ಎರಡೂ ಆದವು. ಈಗ ಕುತ್ತಿಗೆಯಲ್ಲಿ ಮತ್ತೆ ಗಂಟು ಬಂದಿದೆ, ಇನ್ನು ಆಪರೇಷನ್ ಸಾಧ್ಯವಿಲ್ಲ ಎಂದಿದ್ದಾರೆ. ಮೂರು ಬಗೆಯ ಮಾತ್ರೆಗಳ ಜೊತೆ ಮೂರು ವಾರಕ್ಕೊಮ್ಮೆ 20 ಮಿಲಿಗ್ರಾಂ ನಿವೊಲುಮ್ಯಾಬ್ ಇಂಜೆಕ್ಷನ್ ಕೊಡೋಣ ಎನ್ನುತ್ತಾರೆ ಡಾಕ್ಟರು. ವಿಚಾರಿಸಿದರೆ ಬೇರೆ ಕಡೆ 240 ಮಿಲಿಗ್ರಾಂ ಕೊಡುತ್ತಾರಂತೆ. ದುಡ್ಡಿಲ್ಲದವರೆಂದು ನಮಗೆ ಕಡಿಮೆ ಕೊಡುತ್ತಿದ್ದಾರೆಯೇ? ಈ ನಡುವೆ ಅಕ್ಕನ ಮಗ ವಾಟ್ಸ್‌ಆ್ಯಪ್‌ನಲ್ಲಿ ಬಂದ ಸಂದೇಶವೊಂದನ್ನು ತೋರಿಸಿದ. ಎರಡು ಇಮ್ಯುನೊಥೆರಪಿ ಔಷಧಗಳನ್ನು (ದೇಹದ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರ್ ವಿರುದ್ಧ ಎಬ್ಬಿಸುವಂಥವು) ಸೇರಿಸಿ ಗಡ್ಡೆಗೇ ಚುಚ್ಚಿದಾಗ 90 ಇಲಿಗಳಲ್ಲಿ 87 ಪೂರ್ತಿ ಗುಣವಾದವಂತೆ. ಇದನ್ನು ಕಂಪನಿಗಳು ಮುಚ್ಚಿಟ್ಟಿವೆ ಎಂದೂ ಅದರಲ್ಲಿದೆ. ಒಂದು ಖಾಸಗಿ ಕ್ಲಿನಿಕ್‌ನವರು 'ಎರಡು ಮೂರು ಇಮ್ಯುನೊಥೆರಪಿ ಒಟ್ಟಿಗೆ ಕೊಡುತ್ತೇವೆ' ಎನ್ನುತ್ತಾರೆ. ಹೊಲ ಮಾರಿಯಾದರೂ ಅಲ್ಲಿಗೆ ಹೋಗಬೇಕೇ? ಮನೆಯಲ್ಲಿ ಅಮೃತಬಳ್ಳಿ ಕಷಾಯವನ್ನೂ ಕೊಡುತ್ತಿದ್ದೇವೆ, ಅದು ಸರಿಯೇ?

ಉತ್ತರ: ನಿಮ್ಮ ಪತ್ರದಲ್ಲಿ ಹಲವು ಪ್ರಶ್ನೆಗಳಿದ್ದರೂ ಚಿಂತೆ ಒಂದೇ. ಎಲ್ಲೋ ಇರುವ ಒಳ್ಳೆಯ ಚಿಕಿತ್ಸೆ ಅಣ್ಣನ ಕೈತಪ್ಪುತ್ತಿದೆಯೇ, ಅದಕ್ಕೆ ನಾವೇ ಕಾರಣರಾಗುತ್ತೇವೆಯೇ ಎಂಬುದು. ನನ್ನ ಕೆಲಸ ಪ್ರಯೋಗಾಲಯದ್ದು. ಗಡ್ಡೆಗೂ ದೇಹದ ರೋಗನಿರೋಧಕ ಕೋಶಗಳಿಗೂ ನಡೆಯುವ ಹೋರಾಟವನ್ನು ಇಲಿಗಳಲ್ಲಿ ಅಭ್ಯಾಸ ಮಾಡುವುದು, ಅಲ್ಲಿ ಕಂಡದ್ದು ಮನುಷ್ಯರಲ್ಲಿ ನಡೆಯಬಹುದೇ ಎಂದು ಚಿಕಿತ್ಸಕರ ಜೊತೆ ಕುಳಿತು ನೋಡುವುದು. ಅಣ್ಣನವರ ಚಿಕಿತ್ಸೆಯನ್ನು ನಿರ್ಧರಿಸಬೇಕಾದವರು ಅವರನ್ನು ಕಣ್ಣಾರೆ ನೋಡಿರುವ ವೈದ್ಯರು. ನಾನು ಇಲಿಯ ಸುದ್ದಿಯನ್ನು ಬಿಡಿಸಿ ಹೇಳಬಲ್ಲೆ.

ಸಂದೇಶದಲ್ಲಿರುವ ಲೆಕ್ಕ ಸುಳ್ಳಲ್ಲ. 2018ರ ಆರಂಭದಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ರೊನಾಲ್ಡ್ ಲೆವಿ ಅವರ ತಂಡ ಪ್ರಕಟಿಸಿದ ಪ್ರಯೋಗ ಅದು. ಇಲಿಯ ಮೈಮೇಲೆ ಎರಡು ಕಡೆ ಲಿಂಫೋಮಾ ಎಂಬ, ರೋಗನಿರೋಧಕ ಕೋಶಗಳಿಗೇ ಬರುವ ಕ್ಯಾನ್ಸರ್‌ನ ಗಡ್ಡೆ ಬೆಳೆಸಿದರು. ಒಂದಕ್ಕೆ ಮಾತ್ರ ಮೈಕ್ರೋಗ್ರಾಂ ಲೆಕ್ಕದಲ್ಲಿ ಎರಡು ಔಷಧಗಳನ್ನು ಚುಚ್ಚಿದರು. ಒಂದು, ಬ್ಯಾಕ್ಟೀರಿಯಾದ ಡಿಎನ್‌ಎ ತುಣುಕನ್ನು ಹೋಲುವ ಸಿಪಿಜಿ. ಇನ್ನೊಂದು, ಗಡ್ಡೆಯ ಮೇಲೆ ದಾಳಿ ಮಾಡಬಲ್ಲ ಟಿ ಕೋಶಗಳೆಂಬ ರೋಗನಿರೋಧಕ ಕೋಶಗಳ ಮೇಲಿನ ಓಎಕ್ಸ್40 ಎಂಬ ಗ್ರಾಹಕವನ್ನು (ರಿಸೆಪ್ಟರ್) ಪ್ರಚೋದಿಸುವ ಪ್ರತಿಕಾಯ (ಆ್ಯಂಟಿಬಾಡಿ). ಈ ಜೋಡಣೆಯ ಜಾಣ್ಮೆ ಎಲ್ಲಿದೆ ಎಂದರೆ, ಗಡ್ಡೆಯೊಳಗಿನ ಟಿ ಕೋಶಗಳು ಓಎಕ್ಸ್40 ಅನ್ನು ಹೊರಚಾಚುವಂತೆ ಸಿಪಿಜಿ ಮಾಡುತ್ತದೆ; ಹಾಗೆ ಹೊರಬಂದದ್ದನ್ನು ಪ್ರತಿಕಾಯ ಹಿಡಿದು ಆ ಕೋಶಗಳನ್ನು ಕೆರಳಿಸುತ್ತದೆ. ಚುಚ್ಚಿದ ಗಡ್ಡೆಯಷ್ಟೇ ಅಲ್ಲ, ಚುಚ್ಚದೆ ಬಿಟ್ಟ ಇನ್ನೊಂದು ಗಡ್ಡೆಯೂ ಕರಗಿತು. 90ರಲ್ಲಿ 87 ಇಲಿಗಳು ಗುಣವಾದವು. ಉಳಿದ ಮೂರರಲ್ಲಿ ಮರುಕಳಿಸಿದ ಗಡ್ಡೆಗಳೂ ಎರಡನೆಯ ಸಲದ ಚಿಕಿತ್ಸೆಗೆ ಕುಗ್ಗಿದವು.

ನಿಮಗೆ ಬಂದ ಸಂದೇಶ ಇಲ್ಲಿಗೆ ನಿಂತಿದೆ. ನನ್ನ ಮಟ್ಟಿಗೆ ಆ ಪ್ರಬಂಧದ ಬೆಲೆಬಾಳುವ ಭಾಗ ಇದರ ನಂತರ ಬರುತ್ತದೆ. ಅದೇ ತಂಡ ಕೆಲವು ಇಲಿಗಳಿಗೆ ಎರಡು ಲಿಂಫೋಮಾ ಗಡ್ಡೆಗಳ ಜೊತೆ ಮೂರನೆಯ ಜಾಗದಲ್ಲಿ ದೊಡ್ಡ ಕರುಳಿನ ಕ್ಯಾನ್ಸರ್ ಗಡ್ಡೆಯನ್ನೂ ಬೆಳೆಸಿತ್ತು. ಒಂದು ಲಿಂಫೋಮಾಕ್ಕೆ ಔಷಧ ಚುಚ್ಚಿದಾಗ ಎರಡೂ ಲಿಂಫೋಮಾಗಳು ಕರಗಿದವು, ಕರುಳಿನ ಗಡ್ಡೆ ಮಾತ್ರ ತನ್ನ ಪಾಡಿಗೆ ಬೆಳೆಯುತ್ತಲೇ ಹೋಯಿತು. ಅಂದರೆ ಔಷಧ 'ಕ್ಯಾನ್ಸರ್' ಎಂಬ ಒಂದು ವಸ್ತುವನ್ನು ಕೊಲ್ಲುತ್ತಿರಲಿಲ್ಲ. ಚುಚ್ಚಿದ ಗಡ್ಡೆಯೊಳಗೆ ಆಗಲೇ ಇದ್ದ, ಆ ಗಡ್ಡೆಯ ಗುರುತನ್ನು ಅರಿತಿದ್ದ ಟಿ ಕೋಶಗಳನ್ನು ಎಬ್ಬಿಸುತ್ತಿತ್ತು. ಅವು ತಮಗೆ ಗುರುತಿರುವ ಗಡ್ಡೆಯನ್ನೇ ಹುಡುಕಿ ಹೋದವು. ಅಂಥ ಟಿ ಕೋಶಗಳೇ ಇಲ್ಲದ ಗಡ್ಡೆಯಲ್ಲಿ ಎಬ್ಬಿಸಲು ಯಾರೂ ಇರುವುದಿಲ್ಲ. ಒಂದು ಗಡ್ಡೆಗೆ ಹೊಂದಿದ ಜೋಡಿ ಮತ್ತೊಂದಕ್ಕೆ ಹೊಂದಲೇಬೇಕೆಂಬ ನಿಯಮವಿಲ್ಲ ಎಂಬುದಕ್ಕೆ ಪುರಾವೆ ಸಂದೇಶ ಹೊಗಳುವ ಪ್ರಯೋಗದಲ್ಲೇ ಇತ್ತು.

ಇನ್ನು ಮುಚ್ಚಿಟ್ಟ ಆರೋಪ. ಪ್ರಬಂಧ ಎಲ್ಲರೂ ಓದುವಂತೆ ಇದೆ, ವಿಶ್ವವಿದ್ಯಾಲಯವೇ ಅದನ್ನು ಪತ್ರಿಕೆಗಳಿಗೆ ತಿಳಿಸಿತ್ತು. ನಿಧಾನವಾಗಿ ಬೆಳೆಯುವ ಲಿಂಫೋಮಾ ಇರುವ ರೋಗಿಗಳಲ್ಲಿ ಪರೀಕ್ಷೆಯೂ ಶುರುವಾಯಿತು. ಇಷ್ಟು ವರ್ಷಗಳ ನಂತರವೂ ಆ ಜೋಡಿ ಅನುಮೋದಿತ ಚಿಕಿತ್ಸೆಯಾಗಿಲ್ಲ. ಕಾರಣ ಪಿತೂರಿಯಲ್ಲ, ಇಲಿಯಿಂದ ಮನುಷ್ಯನವರೆಗಿನ ದಾರಿಯಲ್ಲಿ ಹೆಚ್ಚಿನ ಜೋಡಿಗಳಿಗೆ ಆಗುವುದೇ ಇದು. ಗೆದ್ದ ಇಲಿಯ ಸುದ್ದಿ ಮೊಬೈಲಿನಿಂದ ಮೊಬೈಲಿಗೆ ಹರಿದಾಡುತ್ತದೆ, ಸೋತ ಟ್ರಯಲ್‌ನ ಸುದ್ದಿಯನ್ನು ಯಾರೂ ಫಾರ್ವರ್ಡ್ ಮಾಡುವುದಿಲ್ಲ.

ಹಾಗಿದ್ದರೆ ವಿಜ್ಞಾನಿಗಳು ಜೋಡಿ ಏಕೆ ಮಾಡುತ್ತಾರೆ? ಎರಡು ಬೀಗ ಹಾಕಿದ ಬಾಗಿಲಿಗೆ ಒಂದೇ ಕೀಲಿ ಸಾಲದು, ಅಷ್ಟೇ. ಟಿ ಕೋಶಗಳಿಗೆ ಸಿಟಿಎಲ್‌ಎ-4 ಎಂಬ ಒಂದು ತಡೆ ಇದೆ, ಪಿಡಿ-1 ಎಂಬ ಇನ್ನೊಂದು ತಡೆ ಇದೆ. ಮೊದಲನೆಯದು ಮುಖ್ಯವಾಗಿ ದುಗ್ಧಗ್ರಂಥಿಗಳಲ್ಲಿ ಟಿ ಕೋಶ ತರಬೇತಿ ಪಡೆಯುವಾಗಲೇ ಅಡ್ಡ ಬರುತ್ತದೆ, ಎರಡನೆಯದು ಅದು ಗಡ್ಡೆಯನ್ನು ತಲುಪಿದ ಮೇಲೆ. ಪಿಡಿ-1 ಅನ್ನು ಜಪಾನಿನ ತಸುಕು ಹೊಂಜೊ ಅವರ ತಂಡ 1992ರಲ್ಲಿ ಗುರುತಿಸಿತು. ಸಿಟಿಎಲ್‌ಎ-4 ಅನ್ನು ತಡೆದರೆ ಇಲಿಯ ಗಡ್ಡೆ ಕರಗುತ್ತದೆ ಎಂದು ಅಮೆರಿಕದ ಜೇಮ್ಸ್ ಆಲಿಸನ್ ತಂಡ 1996ರಲ್ಲಿ ತೋರಿಸಿತು. 2018ರ ನೊಬೆಲ್ ಇಬ್ಬರಿಗೂ ಸಂದಿತು. 2010ರಲ್ಲಿ ಆಲಿಸನ್ ಅವರ ಪ್ರಯೋಗಾಲಯ ಎರಡೂ ತಡೆಗಳನ್ನು ಒಟ್ಟಿಗೆ ತೆಗೆದು ನೋಡಿತು. ಇಲಿಗಳಿಗೆ ಮೆಲನೋಮಾ ಎಂಬ ಚರ್ಮದ ಕ್ಯಾನ್ಸರ್ ಇತ್ತು, ವಿಕಿರಣದಿಂದ ನಿಷ್ಕ್ರಿಯಗೊಳಿಸಿದ ಕ್ಯಾನ್ಸರ್ ಕೋಶಗಳ ಲಸಿಕೆಯನ್ನೂ ಕೊಟ್ಟಿದ್ದರು. ಸಿಟಿಎಲ್‌ಎ-4 ಒಂದನ್ನೇ ತಡೆದಾಗ ಶೇ 10ರಷ್ಟು ಗಡ್ಡೆಗಳು ಹೋದವು. ಪಿಡಿ-1, ಅದರ ಜೊತೆಗಾರ ಪಿಡಿ-ಎಲ್1 ಎರಡನ್ನೂ ಸಿಟಿಎಲ್‌ಎ-4 ಜೊತೆ ಸೇರಿಸಿ ತಡೆದಾಗ ಶೇ 65ರಷ್ಟು ಹೋದವು.

ಈ ಜೋಡಿ ಮನುಷ್ಯರಲ್ಲಿಯೂ ಗೆದ್ದಿತು. ಸಿಟಿಎಲ್‌ಎ-4 ಅನ್ನು ತಡೆಯುವ ಇಪಿಲಿಮುಮ್ಯಾಬ್, ಪಿಡಿ-1 ಅನ್ನು ತಡೆಯುವ ನಿವೊಲುಮ್ಯಾಬ್ ಔಷಧಗಳನ್ನು 945 ಮೆಲನೋಮಾ ರೋಗಿಗಳಲ್ಲಿ ಹೋಲಿಸಿದ ದೊಡ್ಡ ಟ್ರಯಲ್‌ನ ಹತ್ತು ವರ್ಷಗಳ ಫಲಿತಾಂಶ 2024ರಲ್ಲಿ ಬಂತು. ಎರಡನ್ನೂ ಪಡೆದವರಲ್ಲಿ ಅರ್ಧದಷ್ಟು ಜನ ಸುಮಾರು 72 ತಿಂಗಳು ದಾಟಿ ಬದುಕಿದರು. ನಿವೊಲುಮ್ಯಾಬ್ ಒಂದನ್ನೇ ಪಡೆದವರಲ್ಲಿ ಆ ಲೆಕ್ಕ 37 ತಿಂಗಳು, ಇಪಿಲಿಮುಮ್ಯಾಬ್ ಒಂದನ್ನೇ ಪಡೆದವರಲ್ಲಿ 20 ತಿಂಗಳು. ಒಮ್ಮೆ ಸಾವೇ ಗತಿಯಾಗಿದ್ದ ಕಾಯಿಲೆಯಲ್ಲಿ ಇದು ಅಸಾಧಾರಣ ಸಾಧನೆ. ಆದರೆ ಜೋಡಿ ಪಡೆದವರಲ್ಲಿ ಶೇ 59ರಷ್ಟು ಜನಕ್ಕೆ ಚಿಕಿತ್ಸೆಯಿಂದಲೇ ತೀವ್ರ ತೊಂದರೆಗಳಾದವು. ನಿವೊಲುಮ್ಯಾಬ್ ಮಾತ್ರ ಪಡೆದವರಲ್ಲಿ ಅದು ಕಾಲು ಭಾಗಕ್ಕೂ ಕಡಿಮೆ. ತಡೆ ಇರುವುದೇ ಟಿ ಕೋಶಗಳು ನಮ್ಮದೇ ಕರುಳು, ಯಕೃತ್ತು, ಶ್ವಾಸಕೋಶ, ಥೈರಾಯ್ಡ್‌ಗಳನ್ನು ಮುಟ್ಟದಿರಲಿ ಎಂದು. ಎರಡು ತಡೆ ತೆಗೆದರೆ ಎರಡರ ಕಾವಲೂ ಹೋಗುತ್ತದೆ.

ಈಗ ನಿಮಗೆ ನೇರವಾಗಿ ಸಂಬಂಧಿಸಿದ ಮಾತು. ಮೆಲನೋಮಾದಲ್ಲಿ ಗೆದ್ದ ಇದೇ ಜೋಡಿಯನ್ನು ಬಾಯಿ-ಗಂಟಲು ಭಾಗದ ಕ್ಯಾನ್ಸರ್ ಮರುಕಳಿಸಿದ ಅಥವಾ ಹರಡಿದ 900ಕ್ಕೂ ಹೆಚ್ಚು ರೋಗಿಗಳಲ್ಲಿ ಪರೀಕ್ಷಿಸಿದ್ದಾರೆ. ಆಗ ಬಳಕೆಯಲ್ಲಿದ್ದ ಕಿಮೊಥೆರಪಿ-ಸೆಟುಕ್ಸಿಮ್ಯಾಬ್ ಕ್ರಮಕ್ಕಿಂತ ಆಯಸ್ಸನ್ನು ಗಮನಾರ್ಹವಾಗಿ ಹೆಚ್ಚಿಸಲು ಅದಕ್ಕೆ ಆಗಲಿಲ್ಲ. ಅದು ಗೊತ್ತಾದದ್ದು 2021ರಲ್ಲಿ. ಔಷಧದ ಕಂಪನಿಗೆ ಗೆಲ್ಲುವ ಆಸೆ ಸಾಕಷ್ಟಿತ್ತು, ಹಣವೂ ಇತ್ತು, ಗಡ್ಡೆ ಒಪ್ಪಲಿಲ್ಲ. 'ಎರಡು ಮೂರು ಇಮ್ಯುನೊಥೆರಪಿ ಒಟ್ಟಿಗೆ' ಎನ್ನುವ ಕ್ಲಿನಿಕ್‌ನವರಿಗೆ ಈ ವಿಷಯ ಗೊತ್ತಿದೆಯೇ ಎಂದು ಕೇಳಿ.

ಇಲಿಯಲ್ಲಿ ಗೆದ್ದದ್ದು ಮನುಷ್ಯರಲ್ಲಿ ಏಕೆ ಸೋಲುತ್ತದೆ ಎಂಬುದನ್ನು ಇಲಿಮನೆಯೊಳಗೆ ನಿಂತು ನೋಡಿದರೆ ಬೇಗ ಅರ್ಥವಾಗುತ್ತದೆ. ಸುಮಾರು 20 ಗ್ರಾಂ ತೂಕದ ಇಲಿಯ ಪಕ್ಕೆಯ ರೋಮ ಬೋಳಿಸಿ, ಬಾಟಲಿಯಲ್ಲಿ ಬೆಳೆಸಿದ ಕ್ಯಾನ್ಸರ್ ಕೋಶಗಳನ್ನು ಚರ್ಮದಡಿ ಚುಚ್ಚುತ್ತೇವೆ. ಒಂದೆರಡು ವಾರಗಳಲ್ಲಿ ಗಂಟು ಕೈಗೆ ಸಿಗುತ್ತದೆ. ಕ್ಯಾಲಿಪರ್ ಹಿಡಿದು ಉದ್ದ ಅಗಲ ಅಳೆಯುತ್ತೇವೆ. ಐದಾರು ಮಿಲಿಮೀಟರ್ ಆಯಿತೆಂದರೆ ಚಿಕಿತ್ಸೆ ಶುರು. ಒಂದೇ ತಳಿಯ ಇಲಿಗಳೆಲ್ಲ ಅವಳಿಗಳಂತೆ ಒಂದೇ ವಂಶವಾಹಿ ಉಳ್ಳವು, ಒಂದೇ ವಯಸ್ಸು, ಒಂದೇ ಆಹಾರ, ಸೋಂಕಿಲ್ಲದ ಪಂಜರ. ಅಂಥ ಇಲಿಯ ರೋಗನಿರೋಧಕ ವ್ಯವಸ್ಥೆ ವಯಸ್ಕ ಮನುಷ್ಯನದಕ್ಕಿಂತ ನವಜಾತ ಶಿಶುವಿನದನ್ನು ಹೋಲುತ್ತದೆ ಎಂದು ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದವರು 2016ರಲ್ಲಿ ತೋರಿಸಿದರು. ಅವೇ ಇಲಿಗಳನ್ನು ಅಂಗಡಿಯಲ್ಲಿ ಮಾರುವ ಸಾಕು ಇಲಿಗಳ ಜೊತೆ ಬಿಟ್ಟ ಮೇಲೆ ಅವುಗಳ ಟಿ ಕೋಶಗಳು ವಯಸ್ಕರಂತಾದವು. ನಿಮ್ಮ ಅಣ್ಣನ ಗಡ್ಡೆಯಾದರೋ ವರ್ಷಗಟ್ಟಲೆ ಅವರ ಟಿ ಕೋಶಗಳ ಕಣ್ಣು ತಪ್ಪಿಸುತ್ತಲೇ ಬೆಳೆದದ್ದು, ರೇಡಿಯೇಷನ್ ಅನ್ನೂ ದಾಟಿ ಬಂದದ್ದು.

ಇದರಿಂದ ಇಲಿಯ ಪ್ರಯೋಗ ವ್ಯರ್ಥ ಎಂದುಕೊಳ್ಳಬೇಡಿ. ಯಾವ ಔಷಧ ಯಾವ ಕೊರತೆಯನ್ನು ತುಂಬುತ್ತದೆ ಎಂಬುದನ್ನು ಬಿಡಿಬಿಡಿಯಾಗಿ ನೋಡಲು ಬೇರೆ ದಾರಿಯಿಲ್ಲ. 2016ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಡ್ಯಾರೆಲ್ ಇರ್ವಿನ್ ಮತ್ತು ಡೇನ್ ವಿಟ್ರಪ್ ತಂಡ ನಾಲ್ಕು ಔಷಧಗಳ ಕೂಟ ಕಟ್ಟಿ, ಈ ಹಿಂದೆ ಯಾವುದಕ್ಕೂ ಜಗ್ಗದಿದ್ದ ದೊಡ್ಡ ಗಡ್ಡೆಗಳನ್ನು ಬಹುಪಾಲು ಇಲಿಗಳಲ್ಲಿ ಪೂರ್ತಿ ಇಲ್ಲವಾಗಿಸಿತು. ನಾಲ್ಕಕ್ಕೂ ಬೇರೆಬೇರೆ ಕೆಲಸವಿತ್ತು. ಗಡ್ಡೆಗೆ ಅಂಟುವ ಪ್ರತಿಕಾಯ ಹುಟ್ಟಿನಿಂದಲೇ ಇರುವ ರಕ್ಷಣಾ ಕೋಶಗಳನ್ನು ಕರೆತಂದಿತು. ಲಸಿಕೆ ಹೊಸ ಟಿ ಕೋಶಗಳನ್ನು ತಯಾರು ಮಾಡಿತು. ದೇಹದಲ್ಲಿ ಬಹುಕಾಲ ಉಳಿಯುವಂತೆ ಮಾರ್ಪಡಿಸಿದ ಐಎಲ್-2 ಎಂಬ ಪ್ರೋಟೀನ್ ಅವನ್ನು ವೃದ್ಧಿಸಿತು. ಪಿಡಿ-1 ಪ್ರತಿಕಾಯ ಅವುಗಳ ಮೇಲಿನ ತಡೆ ತೆಗೆಯಿತು. ಲೆಕ್ಕಕ್ಕೆ ನಾಲ್ಕಿರಲಿ ಎಂದು ಸೇರಿಸಿದ್ದಲ್ಲ. ಒಂದೊಂದನ್ನೇ ಬಿಟ್ಟು ನೋಡಿ, ಏನು ಕಡಿಮೆಯಾಗುತ್ತದೆ ಎಂದು ತಿಳಿದು ಕಟ್ಟಿದ್ದು.

ಎಣಿಕೆ ಹೆಚ್ಚಿಸಿದ್ದರಿಂದ ಕೆಟ್ಟದ್ದಕ್ಕೂ ಉದಾಹರಣೆಗಳಿವೆ. ಐಡಿಒ ಎಂಬ ಕಿಣ್ವವನ್ನು ತಡೆಯುವ ಎಪಾಕಾಡೊಸ್ಟ್ಯಾಟ್ ಮಾತ್ರೆಯನ್ನು, ನಿವೊಲುಮ್ಯಾಬ್‌ನಂತೆಯೇ ಪಿಡಿ-1 ಅನ್ನು ತಡೆಯುವ ಪೆಂಬ್ರೊಲಿಜುಮ್ಯಾಬ್ ಜೊತೆ ಕೊಟ್ಟಾಗ ಸಣ್ಣ ಟ್ರಯಲ್‌ಗಳಲ್ಲಿ ಒಳ್ಳೆಯ ಫಲ ಕಂಡಿತ್ತು. 2018ರಲ್ಲಿ 706 ಮೆಲನೋಮಾ ರೋಗಿಗಳ ಟ್ರಯಲ್‌ನಲ್ಲಿ ಆ ಮಾತ್ರೆಯಿಂದ ಯಾವ ಹೆಚ್ಚಿನ ಪ್ರಯೋಜನವೂ ಇಲ್ಲವೆಂದಾಯಿತು. ಇದು ನಿರುಪಯುಕ್ತವಾಯಿತು, ಅಷ್ಟೇ. 2017ರದು ಅದಕ್ಕಿಂತ ಕೆಟ್ಟದ್ದು. ಮೈಲೋಮಾ ಎಂಬ ರಕ್ತದ ಕ್ಯಾನ್ಸರ್‌ನ ಎರಡು ಟ್ರಯಲ್‌ಗಳಲ್ಲಿ ರೂಢಿಯ ಔಷಧಗಳಿಗೆ ಪೆಂಬ್ರೊಲಿಜುಮ್ಯಾಬ್ ಸೇರಿಸಿದ ಗುಂಪಿನಲ್ಲೇ ಹೆಚ್ಚು ಸಾವುಗಳಾದವು. ಅಮೆರಿಕದ ಔಷಧ ನಿಯಂತ್ರಕರು ಅವನ್ನು ನಿಲ್ಲಿಸಿದರು. ಜೋಡಿಯಲ್ಲದ ಒಂದೇ ಔಷಧದ ಕಥೆಯನ್ನೂ ಇಲ್ಲಿ ಹೇಳಬೇಕು. 2006ರಲ್ಲಿ ಲಂಡನ್ನಿನಲ್ಲಿ ಟಿಜಿಎನ್1412 ಎಂಬ, ಟಿ ಕೋಶಗಳನ್ನು ಪ್ರಚೋದಿಸುವ ಪ್ರತಿಕಾಯವನ್ನು ಆರು ಆರೋಗ್ಯವಂತ ಸ್ವಯಂಸೇವಕರಿಗೆ ಕೊಟ್ಟರು. ಕೋತಿಗಳಿಗೆ ತೊಂದರೆ ಮಾಡದಿದ್ದ ಪ್ರಮಾಣದ 500ನೇ ಒಂದು ಭಾಗವಷ್ಟೇ ಅದು. ಕೆಲವೇ ಗಂಟೆಗಳಲ್ಲಿ ಆರೂ ಮಂದಿ ತೀವ್ರ ನಿಗಾ ಘಟಕ ಸೇರಿದರು. ಜೀವ ಉಳಿಯಿತು, ಒಬ್ಬರು ಬೆರಳುಗಳನ್ನು ಕಳೆದುಕೊಂಡರು. ಮನುಷ್ಯನ ಒಂದು ಬಗೆಯ ಟಿ ಕೋಶದ ಮೇಲಿರುವ ಗ್ರಾಹಕ ಆ ಕೋತಿಯ ಅದೇ ಬಗೆಯ ಕೋಶದ ಮೇಲೆ ಇಲ್ಲ ಎಂಬುದು ಆಮೇಲೆ ತಿಳಿಯಿತು.

ಈಗ ನಿಮ್ಮ ಡಾಕ್ಟರು ಹೇಳಿದ ಚಿಕಿತ್ಸೆಗೆ ಬರೋಣ. ನೀವು ಅನುಮಾನಿಸಿದ ಆ 20 ಮಿಲಿಗ್ರಾಂ ಮುಂಬೈನ ಟಾಟಾ ಮೆಮೋರಿಯಲ್ ಆಸ್ಪತ್ರೆಯ ಟ್ರಯಲ್‌ನಿಂದ ಬಂದದ್ದು. ನಿಮ್ಮ ಅಣ್ಣನಂಥದೇ ಸ್ಥಿತಿಯಲ್ಲಿದ್ದ, ಗುಣಪಡಿಸುವ ಹಂತ ದಾಟಿದ್ದ 151 ರೋಗಿಗಳನ್ನು ಎರಡು ಗುಂಪು ಮಾಡಿದರು. ಎಲ್ಲರಿಗೂ ಮೆಥೊಟ್ರೆಕ್ಸೇಟ್, ಸೆಲೆಕಾಕ್ಸಿಬ್, ಎರ್ಲೊಟಿನಿಬ್ ಮಾತ್ರೆಗಳು. ಒಂದು ಗುಂಪಿಗೆ ಮಾತ್ರ ಮೂರು ವಾರಕ್ಕೊಮ್ಮೆ 20 ಮಿಲಿಗ್ರಾಂ ನಿವೊಲುಮ್ಯಾಬ್. ಒಂದು ವರ್ಷದ ನಂತರ ಮಾತ್ರೆ ಮಾತ್ರ ಪಡೆದವರಲ್ಲಿ ಬದುಕಿದ್ದವರು ಶೇ 16.3, ಇಂಜೆಕ್ಷನ್ ಸೇರಿದವರಲ್ಲಿ ಶೇ 43.4. ತೀವ್ರ ಅಡ್ಡಪರಿಣಾಮ ಹೆಚ್ಚಲಿಲ್ಲ. ಕಿಲೋಗ್ರಾಂ ತೂಕಕ್ಕೆ 0.3 ಮಿಲಿಗ್ರಾಂ ಆಸುಪಾಸಿನಲ್ಲೇ ಟಿ ಕೋಶಗಳ ಮೇಲಿನ ಪಿಡಿ-1 ಗ್ರಾಹಕಗಳ ಬಹುಪಾಲು ಮುಚ್ಚಿಹೋಗುತ್ತವೆ ಎಂದು ಈ ಔಷಧದ ಆರಂಭಿಕ ಪರೀಕ್ಷೆಗಳಲ್ಲೇ ಕಂಡಿತ್ತು. 60 ಕಿಲೋ ತೂಕದವರಿಗೆ 20 ಮಿಲಿಗ್ರಾಂ ಎಂದರೆ ಅಷ್ಟೇ ಆಯಿತು. ಖರ್ಚು ಇಳಿಸುವ ಉದ್ದೇಶ ಇದರ ಹಿಂದೆ ಇದ್ದದ್ದು ನಿಜ. ಅದನ್ನು ಮನುಷ್ಯರಲ್ಲಿ ಅಳೆದು ತೋರಿಸಿದ್ದಾರೆ ಎಂಬುದೂ ಅಷ್ಟೇ ನಿಜ. ಎರಡು ಬಗೆಯ ಚಿಕಿತ್ಸೆಯನ್ನು ಕೂಡಿಸಬೇಕೆಂಬ ನಿಮ್ಮ ಆಸೆ ಈ ಚಿಕಿತ್ಸೆಯಲ್ಲೇ ಈಡೇರಿದೆ, ಅದೂ ನಮ್ಮ ದೇಶದ ಇದೇ ಕಾಯಿಲೆಯವರ ಮೇಲೆ ಪರೀಕ್ಷೆಯಾಗಿ.

ಆಸೆಗೆ ಮೇರೆಯನ್ನೂ ಹೇಳಿಬಿಡುತ್ತೇನೆ. ಆ ಟ್ರಯಲ್‌ನಲ್ಲಿ ಅರ್ಧದಷ್ಟು ರೋಗಿಗಳ ಆಯಸ್ಸು 6.7 ತಿಂಗಳಿದ್ದದ್ದು 10.1 ತಿಂಗಳಿಗೆ ಏರಿತು. ಕೆಲವರಿಗೆ ಅದಕ್ಕಿಂತ ಬಹಳ ಹೆಚ್ಚು ಕಾಲ ಸಿಗುತ್ತದೆ, ಕೆಲವರಿಗೆ ಏನೂ ಸಿಗುವುದಿಲ್ಲ. ಹೊಲ ಮಾರುವ ಮುನ್ನ ಮನೆಯವರೆಲ್ಲ ಕುಳಿತು ಮಾತಾಡಬೇಕಾದ ಅಂಕಿ ಇದು. ಅಣ್ಣನವರನ್ನೂ ಆ ಮಾತಿನಲ್ಲಿ ಕೂರಿಸಿ.

ಪೂರ್ಣ ಪ್ರಮಾಣದ ಪೆಂಬ್ರೊಲಿಜುಮ್ಯಾಬ್ ಅಥವಾ ನಿವೊಲುಮ್ಯಾಬ್ ಇನ್ನೊಂದು ದಾರಿ. ಬಯಾಪ್ಸಿ ತುಣುಕಿನಲ್ಲಿ ಪಿಡಿ-ಎಲ್1 ಪರೀಕ್ಷೆ ಆಗಿದೆಯೇ ಕೇಳಿ. ಅದರ ಅಂಕ ಹೆಚ್ಚಿದ್ದರೆ ಪೆಂಬ್ರೊಲಿಜುಮ್ಯಾಬ್‌ನ ವಾದಕ್ಕೆ ಬಲ ಬರುತ್ತದೆ, ಖರ್ಚು ಮಾತ್ರ ಬಹಳ ದೊಡ್ಡದು. ಬೆಂಗಳೂರಿನಲ್ಲೇ ತಯಾರಾಗುವ, ರೋಗಿಯದೇ ಟಿ ಕೋಶಗಳನ್ನು ಮಾರ್ಪಡಿಸಿ ಮರಳಿ ಕೊಡುವ ಕಾರ್-ಟಿ ಕೋಶ ಚಿಕಿತ್ಸೆಯ ಬಗ್ಗೆಯೂ ಯಾರಾದರೂ ಹೇಳಬಹುದು. ನಮ್ಮಲ್ಲಿ ಅನುಮೋದನೆ ಪಡೆದಿರುವ ಕಾರ್-ಟಿ ಚಿಕಿತ್ಸೆಗಳೆಲ್ಲ ಬಿ ಕೋಶದ ರಕ್ತದ ಕ್ಯಾನ್ಸರ್‌ಗಳಿಗೆ, ಬಾಯಿಯ ಕ್ಯಾನ್ಸರ್‌ಗೆ ಅಲ್ಲ.

ಹೊಸ ಜೋಡಿ ಬೇಕೇಬೇಕೆಂದರೆ ಅದಕ್ಕೆ ಯೋಗ್ಯ ಜಾಗ ಕ್ಲಿನಿಕಲ್ ಟ್ರಯಲ್. ಭಾರತದಲ್ಲಿ ನಡೆಯುವ ಟ್ರಯಲ್‌ಗಳು ಸಿಟಿಆರ್‌ಐ ಎಂಬ ಸರ್ಕಾರಿ ನೋಂದಣಿಯಲ್ಲಿ ಮೊದಲೇ ದಾಖಲಾಗಿರಬೇಕು, ಅದನ್ನು ಯಾರು ಬೇಕಾದರೂ ತೆರೆದು ನೋಡಬಹುದು. ಹೊಸ ಔಷಧದ ಟ್ರಯಲ್‌ಗೆ ನೈತಿಕ ಸಮಿತಿಯ ಒಪ್ಪಿಗೆ ಬೇಕು. 2019ರ ನಿಯಮಗಳ ಪ್ರಕಾರ ಟ್ರಯಲ್‌ನಿಂದ ಹಾನಿಯಾದರೆ ಉಚಿತ ಚಿಕಿತ್ಸೆ, ಪರಿಹಾರ ಎರಡೂ ಸಲ್ಲಬೇಕು. ನಿಮ್ಮ ಖಾಸಗಿ ಕ್ಲಿನಿಕ್ ಮಾಡುತ್ತಿರುವುದೂ ಪ್ರಯೋಗವೇ, ಆದರೆ ದುಡ್ಡು ನಿಮ್ಮದು, ಹಾನಿಯೂ ನಿಮ್ಮದು, ಫಲಿತಾಂಶ ಎಲ್ಲೂ ದಾಖಲಾಗುವುದಿಲ್ಲ. ಯಾವ ಔಷಧಗಳು, ಎಷ್ಟು ಪ್ರಮಾಣ, ಇವೆರಡನ್ನೂ ಒಟ್ಟಿಗೆ ಬಾಯಿಯ ಕ್ಯಾನ್ಸರ್ ಇರುವ ಎಷ್ಟು ಮನುಷ್ಯರಿಗೆ ಕೊಟ್ಟು ನೋಡಿದ್ದಾರೆ, ರಾತ್ರಿ ಉಸಿರಾಟದ ತೊಂದರೆಯಾದರೆ ಯಾವ ಐಸಿಯುಗೆ ಸೇರಿಸುತ್ತಾರೆ ಎಂದು ಬರಹದಲ್ಲಿ ಕೇಳಿ. ಬರಹದಲ್ಲಿ ಕೊಡದವರಿಗೆ ಒಂದು ಗುಂಟೆ ಹೊಲವನ್ನೂ ಮಾರಬೇಡಿ.

ಅಮೃತಬಳ್ಳಿ ಕಷಾಯ ನಿಲ್ಲಿಸಿ. ಕೋವಿಡ್ ಕಾಲದಲ್ಲಿ 'ಇಮ್ಯುನಿಟಿ ಹೆಚ್ಚುತ್ತದೆ' ಎಂದು ಅದನ್ನು ಸೇವಿಸಿ ಯಕೃತ್ತಿನ ಉರಿಯೂತ ಬಂದ ಆರು ರೋಗಿಗಳ ವಿವರವನ್ನು ಮುಂಬೈನ ವೈದ್ಯರು 2021ರಲ್ಲಿ ಪ್ರಕಟಿಸಿದ್ದಾರೆ. ನಿವೊಲುಮ್ಯಾಬ್‌ನಿಂದಲೂ ಯಕೃತ್ತಿಗೆ ಅದೇ ಬಗೆಯ ತೊಂದರೆ ಆಗಬಹುದು, ಮೆಥೊಟ್ರೆಕ್ಸೇಟ್ ಕೂಡ ಯಕೃತ್ತನ್ನು ಕಾಡುತ್ತದೆ. ಮೂರನ್ನೂ ಕೊಟ್ಟರೆ ತೊಂದರೆ ಯಾವುದರಿಂದ ಎಂದು ಹೇಳಲು ಯಾರಿಗೂ ಆಗದು. ಮೆಥೊಟ್ರೆಕ್ಸೇಟ್ ಅನ್ನು ಈ ಕ್ರಮದಲ್ಲಿ ವಾರಕ್ಕೆ ಒಮ್ಮೆ ಮಾತ್ರ ಕೊಡುವುದು. ತಪ್ಪಿ ದಿನವೂ ನುಂಗಿ ಪ್ರಾಣಕ್ಕೆ ಕುತ್ತು ತಂದುಕೊಂಡವರಿದ್ದಾರೆ. ವಾರದ ಯಾವ ದಿನ ಎಂದು ಪೊಟ್ಟಣದ ಮೇಲೆ ಕನ್ನಡದಲ್ಲಿ ದಪ್ಪಗೆ ಬರೆದಿಡಿ.

ಇಂಜೆಕ್ಷನ್ ಶುರುವಾದ ಮೇಲೆ ಪದೇಪದೇ ಭೇದಿ, ಹೊಸದಾಗಿ ಕೆಮ್ಮು ಅಥವಾ ಏದುಸಿರು, ಎದೆನೋವು, ಕಣ್ಣು ಹಳದಿಯಾಗುವುದು, ರೆಪ್ಪೆ ಜೋತುಬೀಳುವುದು, ತಡೆಯಲಾಗದ ಸುಸ್ತು ಇವುಗಳಲ್ಲಿ ಯಾವುದು ಕಂಡರೂ ಮುಂದಿನ ಸರದಿಗೆ ಕಾಯದೆ ಅದೇ ದಿನ ಆಸ್ಪತ್ರೆಗೆ ಫೋನ್ ಮಾಡಿ. ಬೇಗ ಗೊತ್ತಾದರೆ ಹೆಚ್ಚಿನವನ್ನು ಸ್ಟಿರಾಯ್ಡ್‌ನಿಂದ ಹತೋಟಿಗೆ ತರಬಹುದು. ಊರಿನ ಡಾಕ್ಟರಿಗೆ ಈ ಔಷಧದ ಪರಿಚಯವಿಲ್ಲದಿದ್ದರೆ ಅವರು ಭೇದಿಯನ್ನು ಸೋಂಕೆಂದು ತಿಳಿದು ಬರೀ ಆ್ಯಂಟಿಬಯಾಟಿಕ್ ಕೊಟ್ಟು ಕಳಿಸುವ ಸಾಧ್ಯತೆ ಇದೆ. 'ಇವರು ನಿವೊಲುಮ್ಯಾಬ್ ಪಡೆಯುತ್ತಿದ್ದಾರೆ' ಎಂಬ ಚೀಟಿ, ಕ್ಯಾನ್ಸರ್ ಆಸ್ಪತ್ರೆಯ ಫೋನ್ ಸಂಖ್ಯೆ ಎರಡನ್ನೂ ಅಣ್ಣನವರ ಜೇಬಿನಲ್ಲಿಡಿ. ಇಂಜೆಕ್ಷನ್ ನಿಂತ ಎಷ್ಟೋ ತಿಂಗಳ ಮೇಲೂ ಇಂಥ ತೊಂದರೆ ಬರುವುದುಂಟು, ಆದ್ದರಿಂದ ಚಿಕಿತ್ಸೆ ಮುಗಿಯಿತೆಂದು ಆ ಚೀಟಿಯನ್ನು ಎಸೆಯಬೇಡಿ.